ಎರಡು ಲೇಖನಿಗಳ ಪ್ರಧಾನಿ

ರಾಜಕಾರಣಿಗೂ ಲೇಖನಿಗೂ ಇರುವ ನಂಟು ಬಹುಮಟ್ಟಿಗೆ ಸಹಿಯಲ್ಲಿ ಆರಂಭವಾಗಿ ಸಹಿಯಲ್ಲೇ ಮುಗಿಯುತ್ತದೆ. ಪದವಿಯಿಂದ ಇಳಿದ ಮೇಲೆ ಆತ್ಮಕಥೆ ಬರೆದವರುಂಟು. ಸೆರೆಮನೆಯ ಬಿಡುವಿನಲ್ಲಿ ಚರಿತ್ರೆ ಬರೆದವರುಂಟು. ಆದರೆ ಪ್ರಧಾನಮಂತ್ರಿಯ ಪೀಠದಲ್ಲಿ ಕುಳಿತಿರುವಾಗಲೇ ತನ್ನ ಸರ್ಕಾರದ ನಡೆನುಡಿಗಳನ್ನು ಹೊರಗಿನವನೊಬ್ಬನಂತೆ ನಿಂತು ನೋಡಿ, ಮೆಚ್ಚಬೇಕಾದುದನ್ನು ಮೆಚ್ಚಿ, ಆಕ್ಷೇಪಿಸಬೇಕಾದುದನ್ನು ಆಕ್ಷೇಪಿಸಿ, ಹೆಸರು ಹಾಕದೆ ಕಡಲಾಚೆಯ ಪತ್ರಿಕೆಯೊಂದಕ್ಕೆ ಕಳುಹಿಸುತ್ತಿದ್ದವನು ರಾಜಕೀಯ ಚರಿತ್ರೆಯಲ್ಲಿ ಬಹುಶಃ ಒಬ್ಬನೇ. ಆತ ಆಸ್ಟ್ರೇಲಿಯದ ಎರಡನೆಯ ಪ್ರಧಾನಿ ಆಲ್ಫ್ರೆಡ್ ಡೀಕಿನ್.

ಕನ್ನಡದ ವಾಚಕರಿಗೆ ಈ ಹೆಸರು ಅಷ್ಟಾಗಿ ಪರಿಚಿತವಲ್ಲ. ಆದರೂ ಆತನ ಜೀವನವನ್ನು ನಾವು ಅರಿಯಬೇಕಾದದ್ದಕ್ಕೆ ಒಂದು ಕಾರಣವಿದೆ. ಆಸ್ಟ್ರೇಲಿಯದ ಒಕ್ಕೂಟವನ್ನು ಕಟ್ಟಿದ ಮುಂದಾಳುಗಳ ನಡುವೆ, ಭಾರತವನ್ನು ಕಣ್ಣಾರೆ ಕಂಡು, ಅದರ ಕೆರೆ ಕಾಲುವೆಗಳ ಮೇಲೊಂದು, ಗುಡಿ ಗೋರಿಗಳ ಮೇಲೊಂದು, ಹೀಗೆ ಎರಡು ಪುಸ್ತಕಗಳನ್ನು ಬರೆದವನು ಈತ. ಅದೇ ಮನುಷ್ಯ ಹತ್ತು ವರ್ಷಗಳ ತರುವಾಯ, ಭಾರತೀಯರೂ ಸೇರಿದಂತೆ ಬಿಳಿಯರಲ್ಲದವರೆಲ್ಲರಿಗೂ ತನ್ನ ನಾಡಿನ ಬಾಗಿಲನ್ನು ಮುಚ್ಚುವ ಶಾಸನದ ಪ್ರಬಲ ಸಮರ್ಥಕನಾಗಿ ಎದ್ದು ನಿಂತ. ‘ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ’ ಎಂಬ ಗಾದೆಯನ್ನು ಆಡಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಡೀಕಿನ್ ಕಪಟಿಯಾಗಿರಲಿಲ್ಲ. ಆತನ ಸಮಸ್ಯೆ ಕಪಟಕ್ಕಿಂತ ಆಳವಾದದ್ದು, ಆದುದರಿಂದಲೇ ಹೆಚ್ಚು ವಿಚಾರಾರ್ಹವಾದದ್ದು.

ಪತ್ರಿಕೆಯ ಅಂಗಳದಿಂದ ಶಾಸನಸಭೆಗೆ

ಡೀಕಿನ್ ಹುಟ್ಟಿದ್ದು 1856ರ ಆಗಸ್ಟ್ 3ರಂದು, ಮೆಲ್ಬರ್ನ್ ನಗರದಲ್ಲಿ. ಚಿನ್ನದ ಗಣಿಗಳ ಸುದ್ದಿ ಜಗತ್ತಿನ ನಾಲ್ಕು ಮೂಲೆಗಳಿಂದ ಜನರನ್ನು ವಿಕ್ಟೋರಿಯಕ್ಕೆ ಎಳೆದು ತರುತ್ತಿದ್ದ ಕಾಲವದು. ತಂದೆತಾಯಿಗಳು ಇಂಗ್ಲೆಂಡಿನಿಂದ ವಲಸೆ ಬಂದವರು. ತಂದೆಯ ವೃತ್ತಿ ಕುದುರೆಗಾಡಿಗಳ ಸಾರಿಗೆ ಸಂಸ್ಥೆಯೊಂದರಲ್ಲಿ. ಹುಡುಗನಿಗೆ ಹತ್ತಿದ ಮೊದಲ ಗೀಳು ಪುಸ್ತಕದ್ದು, ಎರಡನೆಯದು ಪರಲೋಕದ್ದು. ಸತ್ತವರ ಆತ್ಮಗಳೊಡನೆ ಮಾತನಾಡಬಹುದೆಂಬ ನಂಬಿಕೆ ಆಗ ಮೆಲ್ಬರ್ನಿನ ಸುಶಿಕ್ಷಿತ ಮನೆಗಳಲ್ಲಿ ಹಬ್ಬಿತ್ತು. ಡೀಕಿನ್ ಆ ಪಂಥದ ಸಂಘಕ್ಕೆ ಅಧ್ಯಕ್ಷನೂ ಆದ. ಇಪ್ಪತ್ತೊಂದರ ಹರೆಯದಲ್ಲಿ, ಆತ್ಮಪ್ರೇರಣೆಯಿಂದ ಬರೆದದ್ದೆಂದು ಹೇಳಿಕೊಂಡು ಒಂದು ರೂಪಕಕಥೆಯನ್ನು ಅಚ್ಚುಹಾಕಿಸಿದ. ನಾಟಕವೊಂದನ್ನು ಅದಕ್ಕೂ ಮೊದಲೇ ಬರೆದಿದ್ದ. ಕಾನೂನು ಓದಿ 1877ರಲ್ಲಿ ನ್ಯಾಯವಾದಿಯಾದನಾದರೂ ಕಕ್ಷಿದಾರರು ಬರಲಿಲ್ಲ. ಬಂದ ಬಿಡುವನ್ನೆಲ್ಲ ಓದು ನುಂಗಿತು.

ಆತನ ಹಾದಿಯನ್ನು ತಿರುಗಿಸಿದವನು ‘ದಿ ಏಜ್’ ಪತ್ರಿಕೆಯ ಒಡೆಯ ಡೇವಿಡ್ ಸೈಮ್. ವಿಕ್ಟೋರಿಯದಲ್ಲಿ ಮಂತ್ರಿಮಂಡಲಗಳನ್ನು ಕಟ್ಟುವ, ಕೆಡಹುವ ಶಕ್ತಿ ಈತನ ಮೇಜಿನಲ್ಲಿದೆಯೆಂದು ಜನ ಆಡಿಕೊಳ್ಳುತ್ತಿದ್ದರು. 1878ರಲ್ಲಿ ಪರಿಚಯವಾದ ಈ ತರುಣನಿಗೆ ಸೈಮ್ ಬರವಣಿಗೆಯ ಕೆಲಸ ಕೊಟ್ಟ. ಮುಕ್ತ ವ್ಯಾಪಾರದ ಪಕ್ಷಪಾತಿಯಾಗಿದ್ದ ಡೀಕಿನ್, ಹೊರನಾಡಿನ ಸರಕಿನ ಮೇಲೆ ಸುಂಕ ಹಾಕಿ ಒಳನಾಡಿನ ಉದ್ಯಮವನ್ನು ಕಾಯಬೇಕೆಂಬ ಸಂರಕ್ಷಣ ನೀತಿಗೆ ಒಲಿದದ್ದು ಈ ಒಡನಾಟದಲ್ಲಿ. ಮರುವರ್ಷವೇ ಸೈಮ್ ಆತನನ್ನು ವೆಸ್ಟ್ ಬೋರ್ಕ್ ಕ್ಷೇತ್ರದ ಉಪಚುನಾವಣೆಗೆ ನಿಲ್ಲಿಸಿದ. ಇಪ್ಪತ್ತೆರಡು ವರ್ಷದ ಹುಡುಗ ಅಲ್ಪ ಮತಗಳಿಂದ ಗೆದ್ದ.

ಗೆದ್ದದ್ದಕ್ಕಿಂತ ಮುಂದಿನದು ಹೆಚ್ಚು ಸ್ವಾರಸ್ಯವಾದದ್ದು. ಒಂದು ಮತಗಟ್ಟೆಯಲ್ಲಿ ಮತಪತ್ರಗಳು ಸಾಲದೆ ಕೆಲವರಿಗೆ ಮತ ಹಾಕಲು ಆಗಿರಲಿಲ್ಲ. ಫಲಿತಾಂಶ ಸಂಶಯಾಸ್ಪದವೆಂಬ ಕೂಗೆದ್ದಿತು. ಡೀಕಿನ್ ಶಾಸನಸಭೆಯಲ್ಲಿ ತನ್ನ ಮೊದಲ ಭಾಷಣಕ್ಕೆ ಎದ್ದು ನಿಂತ; ಒಪ್ಪವಾಗಿ, ನಿರರ್ಗಳವಾಗಿ ಮಾತನಾಡಿದ; ಸದಸ್ಯರು ತಲೆದೂಗುತ್ತಿರುವಾಗಲೇ, ಇಂಥ ಸಂಶಯದ ಸ್ಥಾನ ತನಗೆ ಬೇಡವೆಂದು ರಾಜೀನಾಮೆ ಕೊಟ್ಟು ಕುಳಿತ. ಪುನಃ ನಡೆದ ಚುನಾವಣೆಯಲ್ಲಿ ಸೋತ, ಮತ್ತೊಮ್ಮೆ ಸೋತ, 1880ರ ಮಧ್ಯದಲ್ಲಿ ಕೊನೆಗೂ ಗೆದ್ದ. ಅಂದಿನಿಂದ 1900ರವರೆಗೆ ವಿಕ್ಟೋರಿಯದ ಶಾಸನಸಭೆ ಆತನ ಮನೆಯಾಯಿತು.

ನೀರಿನ ಬೆನ್ನುಹತ್ತಿ

1883ರಲ್ಲಿ ಡೀಕಿನ್ ಮಂತ್ರಿಯಾದ. ಕೈಗೆ ಬಂದ ಖಾತೆಗಳಲ್ಲಿ ನೀರು ಪೂರೈಕೆಯೂ ಒಂದು. ವಿಕ್ಟೋರಿಯದ ಉತ್ತರ ಭಾಗ ಬಯಲುಸೀಮೆ. ಮಳೆ ಬಂದರೆ ಬೆಳೆ, ಇಲ್ಲವಾದರೆ ಧೂಳು. ಹೊಸದಾಗಿ ಬಂದು ನೆಲ ಹಿಡಿದ ರೈತರು ಬರಗಾಲಕ್ಕೆ ಸಿಕ್ಕಿ ಊರು ಬಿಡುತ್ತಿದ್ದರು. ನೀರಾವರಿಯ ವಿಚಾರಣೆಗಾಗಿ ನೇಮಕವಾದ ಆಯೋಗದ ಮುಖ್ಯಸ್ಥನಾಗಿ ಡೀಕಿನ್ 1885ರಲ್ಲಿ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯ ಮೊದಲಾದ ಪಶ್ಚಿಮ ಸೀಮೆಗಳ ಕಾಲುವೆಗಳನ್ನು ನೋಡಿದ. ಮುಂದೆ ಇಟಲಿ, ಈಜಿಪ್ತುಗಳ ನೀರಾವರಿಯನ್ನೂ ಕಂಡು ವರದಿ ಬರೆದ.

ಈ ತಿರುಗಾಟದ ಫಲ 1886ರ ನೀರಾವರಿ ಶಾಸನ. ಇಂಗ್ಲೆಂಡಿನ ನ್ಯಾಯಪದ್ಧತಿಯಂತೆ ಹೊಳೆಯ ದಂಡೆಯಲ್ಲಿ ಜಮೀನುಳ್ಳವನಿಗೆ ಹೊಳೆಯ ನೀರಿನ ಮೇಲೆ ಹಕ್ಕುಂಟು. ಮಳೆ ಧಾರಾಳವಾಗಿರುವ ದೇಶಕ್ಕೆ ಅದು ಸರಿಯಾಗಿರಬಹುದು. ಒಣನಾಡಿನಲ್ಲಿ ಅದರ ಅರ್ಥ, ದಂಡೆಯ ಹತ್ತು ಜನಕ್ಕೆ ನೀರು, ಒಳಗಿನ ಸಾವಿರ ಜನಕ್ಕೆ ಬಾಯಾರಿಕೆ. ಹರಿಯುವ ನೀರು ಸಾರ್ವಜನಿಕರ ಸೊತ್ತು, ಅದರ ಹಂಚಿಕೆ ಸರ್ಕಾರದ ಹೊಣೆ ಎಂಬ ತತ್ತ್ವವನ್ನು ಡೀಕಿನ್ ಶಾಸನದಲ್ಲಿ ನೆಲೆಗೊಳಿಸಿದ. ಕ್ಯಾಲಿಫೋರ್ನಿಯದಲ್ಲಿ ಭೇಟಿಯಾದ ಚಾಫಿ ಸೋದರರು ಮರ್ರೆ ನದಿಯ ದಂಡೆಯ ಮಿಲ್ಡೂರದಲ್ಲಿ ನೀರಾವರಿ ವಸತಿಯೊಂದನ್ನು ತೆರೆದರು. ಅವರ ಕಂಪನಿ 1895ರಲ್ಲಿ ದಿವಾಳಿಯಾಯಿತಾದರೂ ಊರು ಉಳಿಯಿತು, ದ್ರಾಕ್ಷಿ ಬೆಳೆಯಿತು. ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರು ಮಕ್ಕಳ ದುಡಿಮೆಯ ಅವಧಿಗೆ ಮಿತಿ ಹಾಕುವ 1885ರ ಶಾಸನವೂ ಡೀಕಿನ್ನನದೇ.

1887ರಲ್ಲಿ ಲಂಡನ್ನಿನಲ್ಲಿ ನಡೆದ ವಸಾಹತುಗಳ ಸಮ್ಮೇಳನದಲ್ಲಿ, ಸಾಮ್ರಾಜ್ಯದ ಪ್ರಧಾನಿ ಸಾಲ್ಸ್‌ಬರಿಯ ಎದುರಿಗೆ ಮೂವತ್ತರ ಈ ತರುಣ ಅಳುಕಿಲ್ಲದೆ ವಾದಿಸಿದ. ಕೊಡಬಂದ ‘ಸರ್’ ಪದವಿಯನ್ನು ಬೇಡವೆಂದ. ಜೀವನದ ಕೊನೆಯವರೆಗೂ ಆತ ಬರಿಯ ಶ್ರೀ ಡೀಕಿನ್ ಆಗಿಯೇ ಉಳಿದ.

ಈ ಚಿತ್ರದಲ್ಲಿ ಕಪ್ಪು ಗೆರೆಗಳಿಲ್ಲವೆಂದಲ್ಲ. ಆತ ಮುಖ್ಯ ಕಾರ್ಯದರ್ಶಿಯಾಗಿದ್ದ 1886ರಲ್ಲಿಯೇ ವಿಕ್ಟೋರಿಯದ ಮೂಲನಿವಾಸಿಗಳಿಗೆ ಸಂಬಂಧಿಸಿದ ಶಾಸನವೊಂದು ಬಂತು. ಬೆರಕೆ ರಕ್ತದವರೆಂದು ಗುರುತಿಸಿದವರನ್ನು ಅದು ಆಶ್ರಯದ ವಸತಿಗಳಿಂದ ಹೊರಹಾಕಿ ಸಂಸಾರಗಳನ್ನು ಒಡೆಯಿತು. 1890ರಲ್ಲಿ ಬಂದರು ಕಾರ್ಮಿಕರ ದೊಡ್ಡ ಮುಷ್ಕರವೆದ್ದಾಗ ಸರ್ಕಾರ ಸೈನ್ಯವನ್ನು ಕರೆಸಿತು. ಆ ವರ್ಷದ ಕೊನೆಗೆ ಮಂತ್ರಿಮಂಡಲ ಬಿದ್ದಿತು. ಅಧಿಕಾರದ ಹೊರೆ ಇಳಿದ ಡೀಕಿನ್ ಹಡಗು ಹತ್ತಿದ್ದು ಭಾರತಕ್ಕೆ.

ಭಾರತ ಕಂಡ ಬಗೆ

ಕಳುಹಿಸಿದ್ದು ‘ದಿ ಏಜ್’ ಪತ್ರಿಕೆ; ಉದ್ದೇಶ ನೀರಾವರಿಯ ಅಧ್ಯಯನ. ಭಾರತದ ಕಾಲುವೆ, ಅಣೆಕಟ್ಟುಗಳನ್ನೂ ಸಿಂಹಳದ ಪ್ರಾಚೀನ ಕೆರೆಗಳನ್ನೂ ನೋಡಿ ಆತ ಬರೆದ ಲೇಖನಗಳು ಪತ್ರಿಕೆಯಲ್ಲಿ ಬಂದವು. 1893ರಲ್ಲಿ ‘ಇರಿಗೇಟೆಡ್ ಇಂಡಿಯ’ ಎಂಬ ಗ್ರಂಥವಾದವು. ಅದೇ ವರ್ಷ ‘ಟೆಂಪಲ್ ಅಂಡ್ ಟೂಂಬ್ ಇನ್ ಇಂಡಿಯ’ ಎಂಬ ಇನ್ನೊಂದು ಪುಸ್ತಕವೂ ಪ್ರಕಟವಾಯಿತು. ಮೊದಲನೆಯದು ಮಂತ್ರಿಯಾಗಿದ್ದವನ ಕಣ್ಣಿನದು: ಎಷ್ಟು ನೀರು, ಎಷ್ಟು ಭೂಮಿ, ಖರ್ಚೆಷ್ಟು, ಹುಟ್ಟುವಳಿಯೆಷ್ಟು. ಎರಡನೆಯದು ಪರಲೋಕದ ಗೀಳಿದ್ದ ಹುಡುಗನದು: ದೇವಾಲಯಗಳ ಮುಂದೆಯೂ ಮೊಗಲರ ಗೋರಿಗಳ ಮುಂದೆಯೂ ನಿಂತು, ಈ ಕಲ್ಲುಗಳ ಹಿಂದಿರುವ ಶ್ರದ್ಧೆ ಯಾವುದೆಂದು ಕೇಳಿದ್ದು.

ಆತ ಬಂದದ್ದು ನಮ್ಮ ಕಡೆಗೂ ನೀರಿನ ಮಾತು ಬಿಸಿಯಾಗಿದ್ದ ಕಾಲದಲ್ಲಿ. ಮೈಸೂರು ಸಂಸ್ಥಾನಕ್ಕೂ ಮದರಾಸಿಗೂ ಕಾವೇರಿ ಮೊದಲಾದ ಹೊಳೆಗಳ ವಿಷಯವಾಗಿ ಮುಂದೆ ಎಷ್ಟೋ ವ್ಯಾಜ್ಯಗಳಿಗೆ ಮೂಲವಾದ ಒಪ್ಪಂದಕ್ಕೆ ಸಹಿ ಬಿದ್ದದ್ದು 1892ರಲ್ಲಿ. ಮೇಲಿನ ಸೀಮೆಗೂ ಕೆಳಗಿನ ಸೀಮೆಗೂ ಹೊಳೆಯೊಂದರ ನೀರನ್ನು ಹೇಗೆ ಹಂಚಬೇಕೆಂಬ ಪ್ರಶ್ನೆ ಕಾವೇರಿಗೆಷ್ಟೋ ಮರ್ರೆ ನದಿಗೂ ಅಷ್ಟೇ. ಆಸ್ಟ್ರೇಲಿಯದ ಸಂವಿಧಾನ ಸಮ್ಮೇಳನಗಳಲ್ಲಿ ಈ ನದಿಯ ಚರ್ಚೆ ದೀರ್ಘವಾಗಿ ನಡೆಯಿತು. ನೀರಾವರಿಗಾಗಿ ನದಿಯ ನೀರನ್ನು ನ್ಯಾಯವಾದ ಪ್ರಮಾಣದಲ್ಲಿ ಬಳಸುವ ರಾಜ್ಯಗಳ ಹಕ್ಕನ್ನು ಕೇಂದ್ರವು ವ್ಯಾಪಾರದ ಹೆಸರಿನಲ್ಲಿ ಮೊಟಕುಮಾಡಕೂಡದೆಂಬ 100ನೆಯ ವಿಧಿ ಹುಟ್ಟಿದ್ದು ಆ ಚರ್ಚೆಯಿಂದ.

ಭಾರತವನ್ನು ಕಂಡ ಡೀಕಿನ್ ಅದನ್ನು ದೂರದ ಅದ್ಭುತವೆಂದು ಬಗೆಯಲಿಲ್ಲ. ಆಸ್ಟ್ರೇಲಿಯದ ನೆರೆಯ ನಾಡೆಂದು ಎಣಿಸಿದ. ಮೆಲ್ಬರ್ನಿನ ಜನ ಮನಸ್ಸಿನಲ್ಲಿ ಇಂಗ್ಲೆಂಡಿನ ಪಕ್ಕದಲ್ಲಿ ವಾಸಿಸುತ್ತಿದ್ದರೂ ಭೂಪಟದಲ್ಲಿ ಅವರ ನೆರೆಹೊರೆ ಏಷ್ಯವೇ ಎಂಬುದನ್ನು ಆ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿ ಕಂಡವರು ವಿರಳ. 1895ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಸದಸ್ಯನೂ ಆಗಿ ಮರುವರ್ಷ ಹೊರಬಂದ. ಭಾರತೀಯ ಧರ್ಮಗಳ ಮೇಲಣ ಕುತೂಹಲ ಮಾತ್ರ ಹೋಗಲಿಲ್ಲ.

ಕುಸಿತ ಮತ್ತು ಕಟ್ಟಡ

ಹಿಂತಿರುಗುವಷ್ಟರಲ್ಲಿ ಮೆಲ್ಬರ್ನಿನ ಸಂಪತ್ತಿನ ಗುಳ್ಳೆ ಒಡೆಯತೊಡಗಿತ್ತು. ನಿವೇಶನಗಳ ಬೆಲೆ ಏರುತ್ತಲೇ ಇರುತ್ತದೆಂಬ ಭ್ರಮೆಯಲ್ಲಿ ಇಡೀ ನಗರ ಸಾಲ ಮಾಡಿತ್ತು. 1891ರಿಂದ 1893ರವರೆಗೆ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಮುಚ್ಚಿದವು. ಡೀಕಿನ್ ಕೆಲವು ಕಂಪನಿಗಳ ಆಡಳಿತ ಮಂಡಲಿಯಲ್ಲಿದ್ದವನು. ತನ್ನ ಹಣವಷ್ಟೇ ಅಲ್ಲ, ತಂದೆಯ ಉಳಿತಾಯವೂ ಮುಳುಗಿತು. ಆತ ಕಪ್ಪುಕೋಟು ತೊಟ್ಟು ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಮಂತ್ರಿಪದವಿಯ ಕರೆಗಳು ಬಂದರೂ ಒಪ್ಪಲಿಲ್ಲ. ಹತ್ತು ವರ್ಷ ಹಿಂದಿನ ಸಾಲಿನಲ್ಲಿ ಕುಳಿತ.

ಆ ಹತ್ತು ವರ್ಷಗಳನ್ನು ಒಂದೇ ಕೆಲಸಕ್ಕೆ ಕೊಟ್ಟ. ಆಗ ಆಸ್ಟ್ರೇಲಿಯವೆಂಬುದು ರಾಷ್ಟ್ರವಾಗಿರಲಿಲ್ಲ. ಆರು ವಸಾಹತುಗಳು, ಆರು ಸರ್ಕಾರಗಳು. ಒಂದರ ಗಡಿ ದಾಟಿ ಇನ್ನೊಂದಕ್ಕೆ ಹೋಗುವ ಸರಕಿಗೆ ಸುಂಕದ ಕಟ್ಟೆ. ಈ ಆರನ್ನೂ ಒಂದು ಒಕ್ಕೂಟವಾಗಿಸುವ 1890ರ ಸಭೆಯಿಂದ 1898ರ ಸಮ್ಮೇಳನದವರೆಗೆ ಡೀಕಿನ್ ಎಲ್ಲದರಲ್ಲೂ ಇದ್ದ. ಅಲ್ಲಿ ಆತನ ಕೆಲಸ ಕರಡು ಬರೆಯುವುದಕ್ಕಿಂತ ಹೆಚ್ಚಾಗಿ ಮುನಿದವರನ್ನು ಒಂದುಗೂಡಿಸುವುದಾಗಿತ್ತು. ‘ಸ್ನೇಹಶೀಲ ಆಲ್ಫ್ರೆಡ್’ ಎಂಬ ಅಡ್ಡಹೆಸರು ಆತನಿಗೆ ಸುಮ್ಮನೆ ಬಂದದ್ದಲ್ಲ.

1898ರ ಮಾರ್ಚ್ 15. ಸಂವಿಧಾನದ ಕರಡು ಸಿದ್ಧವಾಗಿತ್ತು. ಆದರೆ ವಿಕ್ಟೋರಿಯದಲ್ಲಿ ಪ್ರಬಲ ‘ಏಜ್’ ಪತ್ರಿಕೆಯೇ ಹಿಂದೇಟು ಹಾಕುತ್ತಿತ್ತು. ಸರ್ಕಾರ ಅತ್ತಿತ್ತ ನೋಡುತ್ತಿತ್ತು. ಬೆಂಡಿಗೋ ಪಟ್ಟಣದಲ್ಲಿ ಆಸ್ಟ್ರೇಲಿಯದಲ್ಲೇ ಹುಟ್ಟಿದವರ ಸಂಘದ ಔತಣ. ತಡರಾತ್ರಿ ಮಾತಿಗೆ ಎದ್ದ ಡೀಕಿನ್, ತನ್ನನ್ನು ಬೆಳೆಸಿದ ಪತ್ರಿಕೆಯ ಅನುಮಾನಗಳನ್ನು ಲೆಕ್ಕಿಸದೆ, ಸಿಕ್ಕಿರುವುದು ಪರಿಪೂರ್ಣವಲ್ಲದಿದ್ದರೂ ಈ ಅವಕಾಶ ಮತ್ತೆ ಬಾರದೆಂದು ತರುಣರ ಮುಂದೆ ವಾದಿಸಿದ. ಸಭೆ ಎದ್ದು ನಿಂತಿತು. ಚರಿತ್ರಕಾರರು ಗಾಳಿ ತಿರುಗಿದ್ದನ್ನು ಆ ರಾತ್ರಿಯಿಂದ ಎಣಿಸುತ್ತಾರೆ. ಪತ್ರಿಕೆಯೂ ದಾರಿಗೆ ಬಂತು. ಜೂನ್ ತಿಂಗಳ ಜನಮತದಲ್ಲಿ ವಿಕ್ಟೋರಿಯದ ಸುಮಾರು ಒಂದು ಲಕ್ಷ ಮತದಾರರು ಒಕ್ಕೂಟದ ಪರವಾಗಿ, ಸುಮಾರು 22 ಸಾವಿರ ಮಂದಿ ವಿರುದ್ಧವಾಗಿ ಮತ ಕೊಟ್ಟರು.

1900ರಲ್ಲಿ ಮಸೂದೆಯನ್ನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ದಾಟಿಸಲು ಲಂಡನ್ನಿಗೆ ಹೋದವರಲ್ಲಿ ಡೀಕಿನ್, ಬಾರ್ಟನ್, ಕಿಂಗ್ಸ್ಟನ್ ಮುಖ್ಯರು. ಮೇಲ್ಮನವಿಗಳು ಎಷ್ಟರಮಟ್ಟಿಗೆ ಪ್ರಿವಿ ಕೌನ್ಸಿಲಿಗೆ ಹೋಗಬೇಕೆಂಬ ಬಗ್ಗೆ ವಸಾಹತು ಮಂತ್ರಿ ಚೇಂಬರ್ಲೇನನೊಡನೆ ವಾರಗಟ್ಟಲೆ ಜಗ್ಗಾಟ ನಡೆಯಿತು. ಕಡೆಗೆ ರಾಜಿಯಾದಾಗ, ಕೋಣೆಯ ಬಾಗಿಲು ಮುಚ್ಚಿದೊಡನೆಯೇ ಈ ಮೂವರು ಗಂಭೀರ ಮುತ್ಸದ್ದಿಗಳು ಪರಸ್ಪರ ಕೈಹಿಡಿದು ಸುತ್ತು ಹಾಕಿ ಕುಣಿದರಂತೆ. ಹೇಳಿದವನು ಡೀಕಿನ್ನನೇ, ತನ್ನ ಒಕ್ಕೂಟದ ಚರಿತ್ರೆಯಲ್ಲಿ. ಆ ಗ್ರಂಥವನ್ನು ಆತ ಜೀವಂತನಾಗಿರುವಾಗ ಅಚ್ಚಿಗೆ ಕೊಡಲಿಲ್ಲ. ಅದು ಬೆಳಕು ಕಂಡದ್ದು 1944ರಲ್ಲಿ.

ಮುಚ್ಚಿದ ಬಾಗಿಲು

1901ರ ಜನವರಿ 1ರಂದು ಒಕ್ಕೂಟ ಹುಟ್ಟಿತು. ಒಂದು ಖಂಡ, ಸುಮಾರು 38 ಲಕ್ಷ ಜನ. ಬಾರ್ಟನ್ ಪ್ರಧಾನಿ, ಬ್ಯಾಲರಟ್ ಕ್ಷೇತ್ರದಿಂದ ಆರಿಸಿಬಂದ ಡೀಕಿನ್ ಅಟಾರ್ನಿ ಜನರಲ್. ಹೊಸ ಪಾರ್ಲಿಮೆಂಟು ಮೊದಲ ವರ್ಷವೇ ಕೈಗೆತ್ತಿಕೊಂಡ ದೊಡ್ಡ ಕೆಲಸಗಳಲ್ಲಿ ಒಂದು ವಲಸೆ ನಿರ್ಬಂಧದ ಶಾಸನ.

ಆ ಶಾಸನದಲ್ಲಿ ಬಣ್ಣದ ಮಾತು ಬರುವುದಿಲ್ಲ. ಬಂದಿಳಿದವನಿಗೆ ಅಧಿಕಾರಿಯು ಯಾವುದಾದರೊಂದು ಯೂರೋಪಿನ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದು, ಬರೆಯಲಾರದವನು ಹಿಂತಿರುಗಬೇಕು. ಯಾವ ಭಾಷೆಯೆಂಬುದು ಅಧಿಕಾರಿಯ ಇಚ್ಛೆ. ಇಂಗ್ಲಿಷ್ ಬಲ್ಲ ಭಾರತೀಯನಿಗೆ ಬೇರೊಂದು ಭಾಷೆಯ ವಾಕ್ಯ ಓದಿದರಾಯಿತು. 1909ರ ಬಳಿಕ ಈ ಪರೀಕ್ಷೆಯಲ್ಲಿ ಒಬ್ಬನೂ ತೇರ್ಗಡೆಯಾಗಲಿಲ್ಲ. ಈ ಉಪಾಯದ ಮಾದರಿ ಸಿಕ್ಕಿದ್ದು ದಕ್ಷಿಣ ಆಫ್ರಿಕದ ನೇಟಾಲಿನಲ್ಲಿ. ಅಲ್ಲಿ 1897ರಲ್ಲಿ ಬಂದ ಇಂಥದೇ ಶಾಸನ ಮುಖ್ಯವಾಗಿ ಭಾರತೀಯರನ್ನು ತಡೆಯಲೆಂದು ಹುಟ್ಟಿದ್ದು. ಗಾಂಧೀಜಿ ಎದುರಿಸಿದ ಶಾಸನಗಳಲ್ಲಿ ಅದೂ ಒಂದು.

ಡೀಕಿನ್ 1901ರ ಸೆಪ್ಟೆಂಬರಿನಲ್ಲಿ ಈ ಮಸೂದೆಯ ಪರವಾಗಿ ಆಡಿದ ಮಾತು ವಿಲಕ್ಷಣವಾದದ್ದು. ಉಳಿದ ಸದಸ್ಯರು ಏಷ್ಯದವರನ್ನು ಹೀನರೆಂದು ಹೇಳಿ ತಡೆಯಬೇಕೆಂದರು. ಡೀಕಿನ್ ಹಾಗೆನ್ನಲಿಲ್ಲ. ಜಪಾನೀಯರನ್ನು ತಡೆಯಬೇಕಾದದ್ದು ಅವರ ದುರ್ಗುಣಗಳಿಗಾಗಿ ಅಲ್ಲ, ಸದ್ಗುಣಗಳಿಗಾಗಿ ಎಂದ. ಅವರ ಉದ್ಯಮಶೀಲತೆ, ಸಹಿಷ್ಣುತೆ, ಮಿತವ್ಯಯ ಇವುಗಳಿಂದಲೇ ಅವರು ನಮಗೆ ಅಪಾಯಕಾರಿಗಳೆಂದ. ಹೊಸ ರಾಷ್ಟ್ರದ ಒಗ್ಗಟ್ಟಿಗೆ ಜನಾಂಗದ ಏಕತೆಯೇ ಅಡಿಗಲ್ಲು ಎಂಬುದು ಆತನ ಸಿದ್ಧಾಂತ. ಮರುವರ್ಷದ ಮತದಾನದ ಶಾಸನವು ಬಿಳಿಯ ಹೆಂಗಸರಿಗೆ ರಾಷ್ಟ್ರದ ಮತವನ್ನಿತ್ತು ಲೋಕಕ್ಕೆ ಮೇಲ್ಪಂಕ್ತಿಯಾಯಿತು; ಅದೇ ಶಾಸನ ಮೂಲನಿವಾಸಿಗಳಲ್ಲಿ ಹೆಚ್ಚಿನವರಿಗೂ ಏಷ್ಯದವರಿಗೂ ಅದನ್ನು ನಿರಾಕರಿಸಿತು.

ಇಲ್ಲಿ ನಾವು ನಿಂತು ಯೋಚಿಸಬೇಕು. ಅಜ್ಞಾನದಿಂದ ಹುಟ್ಟಿದ ದ್ವೇಷಕ್ಕೆ ತಿಳುವಳಿಕೆ ಮದ್ದೆಂದು ನಾವು ನಂಬುತ್ತೇವೆ, ಪಠ್ಯಪುಸ್ತಕಗಳಲ್ಲಿ ಬರೆಯುತ್ತೇವೆ. ಡೀಕಿನ್ನನಿಗೆ ತಿಳುವಳಿಕೆಯ ಕೊರತೆ ಇರಲಿಲ್ಲ. ಆತ ನಮ್ಮ ಗುಡಿಗಳನ್ನು ನೋಡಿ ಬೆರಗಾಗಿದ್ದ, ನಮ್ಮ ಕಾಲುವೆಗಳನ್ನು ಅಳೆದಿದ್ದ, ನಮ್ಮ ಧರ್ಮಗಳ ವಿಷಯವನ್ನು ಆಸಕ್ತಿಯಿಂದ ಓದಿದ್ದ. ಆದರೆ ಒಂದು ಸಂಸ್ಕೃತಿಯನ್ನು ಮೆಚ್ಚುವುದು ಬೇರೆ, ಆ ಸಂಸ್ಕೃತಿಯ ಮನುಷ್ಯನೊಬ್ಬ ಪಕ್ಕದ ಮನೆಗೆ ಬಂದು ಸಮಾನನಾಗಿ ಬಾಳುವುದನ್ನು ಒಪ್ಪುವುದು ಬೇರೆ. ಮೊದಲನೆಯದಕ್ಕೆ ಒಳ್ಳೆಯ ಅಭಿರುಚಿ ಸಾಕು. ಎರಡನೆಯದಕ್ಕೆ ನ್ಯಾಯಬುದ್ಧಿ ಬೇಕು. ಊರ ಹೊರಗಿನವನ ಹಾಡಿಗೆ ತಲೆದೂಗಿ, ಅವನನ್ನು ಜಗಲಿಯ ಕೆಳಗೇ ನಿಲ್ಲಿಸಿದ ನಮ್ಮ ಮನೆಗಳ ಚರಿತ್ರೆ ಬಲ್ಲವರಿಗೆ ಇದು ತೀರ ಅಪರಿಚಿತವಾಗಿ ತೋರದು.

ಮೂರು ತಂಡಗಳ ಆಟ

1903ರ ಸೆಪ್ಟೆಂಬರಿನಲ್ಲಿ ಬಾರ್ಟನ್ ಹೊಸದಾಗಿ ಸ್ಥಾಪಿತವಾದ ಹೈಕೋರ್ಟಿಗೆ ನ್ಯಾಯಾಧೀಶನಾಗಿ ಹೋದಾಗ ಡೀಕಿನ್ ಪ್ರಧಾನಿಯಾದ. ಆ ಹೈಕೋರ್ಟು ಆತನದೇ ಕೂಸು; ಅದನ್ನು ಸ್ಥಾಪಿಸುವ ಮಸೂದೆಯನ್ನು ಮಂಡಿಸಿ 1902ರಲ್ಲಿ ಆತ ಮೂರೂವರೆ ಗಂಟೆ ಮಾತನಾಡಿದ್ದ. ಸಂವಿಧಾನವೆಂಬುದು ಬರಿಯ ಕಾಗದ, ಅದಕ್ಕೆ ಅರ್ಥ ಹೇಳುವ ಸ್ವತಂತ್ರ ನ್ಯಾಯಾಲಯವಿಲ್ಲದಿದ್ದರೆ ಒಕ್ಕೂಟ ನಿಲ್ಲದೆಂಬುದು ಆತನ ವಾದ.

ಪಾರ್ಲಿಮೆಂಟಿನಲ್ಲಿ ಆಗ ಮೂರು ಪಕ್ಷಗಳು: ಸಂರಕ್ಷಣವಾದಿಗಳು, ಮುಕ್ತ ವ್ಯಾಪಾರದವರು, ಕಾರ್ಮಿಕ ಪಕ್ಷ. ಯಾವುದಕ್ಕೂ ಬಹುಮತವಿಲ್ಲ. ಕ್ರಿಕೆಟ್ ಮೈದಾನಕ್ಕೆ ಮೂರು ತಂಡಗಳು ಇಳಿದು, ಒಂದು ತಂಡ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಆಡಿದರೆ ಆಟ ಹೇಗೆ ನಡೆದೀತೆಂದು ಡೀಕಿನ್ ಕೇಳಿದ ಪ್ರಶ್ನೆ ಪ್ರಸಿದ್ಧವಾಯಿತು. ಏಳು ತಿಂಗಳಲ್ಲಿ ಆತನ ಸರ್ಕಾರ ಬಿದ್ದು, 1904ರ ಏಪ್ರಿಲಿನಲ್ಲಿ ವಾಟ್ಸನ್ನನ ಕಾರ್ಮಿಕ ಸರ್ಕಾರ ಬಂತು. ರಾಷ್ಟ್ರಮಟ್ಟದಲ್ಲಿ ಅಂಥದು ಜಗತ್ತಿನಲ್ಲೇ ಮೊದಲನೆಯದು. ಅದರ ಹಿಂದೆ ರೀಡ್. ರೀಡನ ಹಿಂದೆ, 1905ರ ಜುಲೈಯಲ್ಲಿ, ಮತ್ತೆ ಡೀಕಿನ್.

ಈ ಎರಡನೆಯ ಸರದಿ ಮೂರು ವರ್ಷ ನಾಲ್ಕು ತಿಂಗಳು ನಡೆಯಿತು. ಕಾರ್ಮಿಕ ಪಕ್ಷದ ಬೆಂಬಲದಿಂದ ಡೀಕಿನ್ ಮಾಡಿಸಿದ ಶಾಸನಗಳು ಆಸ್ಟ್ರೇಲಿಯದ ಮುಂದಿನ ಬಾಳುವೆಗೆ ತಳಹದಿಯಾದವು. ಜನಗಣತಿಯ ಇಲಾಖೆ, ಹವಾಮಾನದ ಇಲಾಖೆ, ವೃದ್ಧರಿಗೂ ಅಶಕ್ತರಿಗೂ 1908ರ ವೇತನ, ರಾಜಧಾನಿಗೆ ಕ್ಯಾನ್ಬೆರದ ಸೀಮೆಯ ಆಯ್ಕೆ ಎಲ್ಲವೂ ಈ ಕಾಲದವು. ಹೊಸ ಸಂರಕ್ಷಣ ನೀತಿಯೆಂದು ಹೆಸರಾದದ್ದು ಇವೆಲ್ಲದರ ಮುಕುಟ: ಸುಂಕದ ಆಸರೆಯಿಂದ ಲಾಭ ಪಡೆಯುವ ಕಾರ್ಖಾನೆಯ ಒಡೆಯ, ಆ ಲಾಭದಲ್ಲಿ ಕೆಲಸಗಾರನಿಗೆ ನ್ಯಾಯವಾದ ಕೂಲಿ ಕೊಡಬೇಕು, ಇಲ್ಲದಿದ್ದರೆ ತೆರಿಗೆ ತೆರಬೇಕು. 1907ರಲ್ಲಿ ಸುಗ್ಗಿಯಂತ್ರದ ಕಾರ್ಖಾನೆಯೊಂದರ ಮೊಕದ್ದಮೆಯಲ್ಲಿ ನ್ಯಾಯಾಧೀಶ ಹಿಗಿನ್ಸ್ ಈ ‘ನ್ಯಾಯವಾದ ಕೂಲಿ’ಗೆ ಅರ್ಥ ಕೊಟ್ಟ. ಒಡೆಯ ಕೊಡಬಲ್ಲಷ್ಟು ಎಂದಲ್ಲ, ಸುಮಾರು ಐದು ಜನರ ಸಂಸಾರ ಮಾನವಾಗಿ ಬದುಕಲು ಬೇಕಾಗುವಷ್ಟು ಎಂದ. ದಿನಕ್ಕೆ 7 ಷಿಲಿಂಗ್ ಎಂದು ಗೊತ್ತುಮಾಡಿದ. ಮೂಲ ಶಾಸನವನ್ನು 1908ರಲ್ಲಿ ಹೈಕೋರ್ಟು ಅಸಿಂಧುವೆಂದು ತಳ್ಳಿಹಾಕಿತು. ಕೂಲಿಯ ಆ ಅಳತೆಗೋಲು ಮಾತ್ರ ಉಳಿದುಕೊಂಡಿತು.

1909ರಲ್ಲಿ ಡೀಕಿನ್ ತನ್ನ ಜೀವಮಾನದ ವಿರೋಧಿಗಳಾದ ಮುಕ್ತ ವ್ಯಾಪಾರದವರೊಡನೆ ಕೂಡಿಕೊಂಡ. ಮೂರು ತಂಡಗಳು ಎರಡಾದವು; ಆತ ಮೂರನೆಯ ಸಲ ಪ್ರಧಾನಿಯಾದ. ಆದರೆ ಅಂದಿನವರೆಗೆ ಬೆಂಬಲ ಕೊಟ್ಟಿದ್ದ ಕಾರ್ಮಿಕ ಪಕ್ಷದ ದೃಷ್ಟಿಯಲ್ಲಿ ಅದು ವಿಶ್ವಾಸದ್ರೋಹ. ಹಳೆಯ ಸಹೋದ್ಯೋಗಿ ವಿಲಿಯಂ ಲೈನ್ ತುಂಬಿದ ಸಭೆಯಲ್ಲಿ, ಏಸುವನ್ನು ಹಿಡಿದುಕೊಟ್ಟ ಜೂದಾಸನ ಹೆಸರನ್ನು ಕೂಗಿ ಡೀಕಿನ್ನನನ್ನು ಜರೆದ. 1910ರ ಚುನಾವಣೆಯಲ್ಲಿ ಜನ ಕಾರ್ಮಿಕ ಪಕ್ಷಕ್ಕೆ ಬಹುಮತ ಕೊಟ್ಟರು. ಮೂರೂ ಸರದಿಗಳನ್ನು ಕೂಡಿಸಿದರೆ ಡೀಕಿನ್ ಪ್ರಧಾನಿಯಾಗಿದ್ದದ್ದು ಐದು ವರ್ಷವೂ ತುಂಬಲಿಲ್ಲ.

ಹೆಸರಿಲ್ಲದ ಬಾತ್ಮೀದಾರ

ಈಗ ಆ ಎರಡನೆಯ ಲೇಖನಿಯ ಮಾತು. 1900ರಲ್ಲಿ ಲಂಡನ್ನಿನಲ್ಲಿದ್ದಾಗ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯೊಡನೆ ಡೀಕಿನ್ ಒಂದು ಏರ್ಪಾಡು ಮಾಡಿಕೊಂಡ: ಆಸ್ಟ್ರೇಲಿಯದ ರಾಜಕೀಯದ ಮೇಲೆ ಕ್ರಮವಾಗಿ ಪತ್ರ ಬರೆಯುವುದು, ಹೆಸರು ಹಾಕದಿರುವುದು. ಆಮೇಲೆ ಮಂತ್ರಿಯಾದ, ಪ್ರಧಾನಿಯಾದ; ಪತ್ರಗಳು ನಿಲ್ಲಲಿಲ್ಲ. ಅವುಗಳಲ್ಲಿ ಶ್ರೀ ಡೀಕಿನ್ ಎಂಬವನು ಮೂರನೆಯ ವ್ಯಕ್ತಿ. ಅವನ ಭಾಷಣಗಳು ಕೆಲವೊಮ್ಮೆ ಮೆಚ್ಚಿಗೆ ಪಡೆಯುತ್ತವೆ. ಅವನ ಸರ್ಕಾರ ಕೆಲವೊಮ್ಮೆ ಟೀಕೆಗೆ ಗುರಿಯಾಗುತ್ತದೆ. ಮನೆಯವರೂ ಪತ್ರಿಕೆಯವರೂ ಗುಟ್ಟನ್ನು ಕಾಪಾಡಿದರು. ಡೀಕಿನ್ ಬದುಕಿರುವವರೆಗೆ ಅದು ಹೊರಬೀಳಲಿಲ್ಲ. ಆಯ್ದ ಪತ್ರಗಳು ಗ್ರಂಥರೂಪದಲ್ಲಿ ಬಂದದ್ದು 1968ರಲ್ಲಿ.

ನೀತಿಯ ತಕ್ಕಡಿಯಲ್ಲಿ ಇದು ತೂಗುವುದಿಲ್ಲ. ಆಳುವವನೇ ಗುಟ್ಟಾಗಿ ಸುದ್ದಿಗಾರನಾಗುವುದು ಓದುಗನಿಗೂ ಸಹೋದ್ಯೋಗಿಗಳಿಗೂ ಮಾಡಿದ ವಂಚನೆಯೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ. ಆದರೂ ಆ ಪತ್ರಗಳು ಕೇವಲ ಆತ್ಮಪ್ರಶಂಸೆಯಾಗಿದ್ದರೆ ಇಂದು ಯಾರೂ ಓದುತ್ತಿರಲಿಲ್ಲ. ಒಕ್ಕೂಟದ ಮೊದಲ ದಶಕವನ್ನು ಬರೆಯಹೊರಟ ಚರಿತ್ರಕಾರನಿಗೆ ಅವು ಬಿಡಲಾಗದ ಆಕರಗಳು. ಅಷ್ಟಲ್ಲದೆ, ವೇದಿಕೆಯ ಮೇಲೆ ಕೇಳುವವರ ಮುಖ ನೋಡಿ ಮಾತನಾಡಬೇಕಾದ ವಾಗ್ಮಿಗೆ, ಮುಖವಿಲ್ಲದೆ ಸತ್ಯ ಹೇಳುವ ಒಂದು ಮೂಲೆ ಬೇಕಾಗಿತ್ತೆಂದು ತೋರುತ್ತದೆ. ಇಷ್ಟು ಬರೆದದ್ದು ಸಾಲದೆಂಬಂತೆ ಆತ ದಿನಚರಿಗಳನ್ನೂ ಟಿಪ್ಪಣಿ ಪುಸ್ತಕಗಳನ್ನೂ ತುಂಬಿಸಿದ. ದೇವರಿಗೆ ಸಲ್ಲಿಸಿದ ನೂರಕ್ಕೂ ಮಿಕ್ಕಿದ ಪ್ರಾರ್ಥನೆಗಳನ್ನು ಬರೆದಿಟ್ಟ.

ಮಾತು ಮರೆತ ವಾಗ್ಮಿ

1907ರ ಲಂಡನ್ ಸಮ್ಮೇಳನ ಆತನನ್ನು ಹಿಂಡಿತು. ಎಡೆಬಿಡದ ಸಭೆ, ಭಾಷಣಗಳಿಂದ ದೇಹ ಸೋತಿತು, ನಿದ್ದೆ ದೂರವಾಯಿತು. ಅದರ ಬೆನ್ನಿಗೇ ಮರೆವು ಕಾಣಿಸಿಕೊಂಡಿತು. ಮೊದಮೊದಲು ಹೆಸರುಗಳು, ಆಮೇಲೆ ಓದಿದ ಪುಸ್ತಕಗಳು, ಆಮೇಲೆ ನಿನ್ನೆಯ ಮಾತು. ಟಿಪ್ಪಣಿಯಿಲ್ಲದೆ ಗಂಟೆಗಟ್ಟಲೆ ಮಾತನಾಡುತ್ತಿದ್ದವನು ಚೀಟಿ ಹಿಡಿದು ನಿಲ್ಲಬೇಕಾಯಿತು. ಹೊರಗಿನವರಿಗೆ ತಿಳಿಯುವ ಮೊದಲೇ ಇದು ಆತನಿಗೆ ತಿಳಿದಿತ್ತು. ತನ್ನ ಬುದ್ಧಿ ಕಳಚಿ ಬೀಳುತ್ತಿರುವುದನ್ನು, ಬುದ್ಧಿ ಇನ್ನೂ ಉಳಿದಿರುವ ಗಳಿಗೆಗಳಲ್ಲಿ, ಆತ ಟಿಪ್ಪಣಿ ಪುಸ್ತಕಗಳಲ್ಲಿ ದಾಖಲು ಮಾಡುತ್ತ ಹೋದ. ಪ್ರಧಾನಿಯ ಕೆಲಸವನ್ನು ಹೊರಗಿನವನಂತೆ ನೋಡಿ ಬರೆದಿದ್ದ ಅದೇ ಲೇಖನಿ ಈಗ ಒಡೆಯನ ಮನಸ್ಸಿನ ಅವಸಾನವನ್ನೂ ಹೊರಗಿನವನಂತೆಯೇ ಬರೆಯಿತು.

1913ರಲ್ಲಿ ಪಕ್ಷದ ನಾಯಕತ್ವವನ್ನೂ ಪಾರ್ಲಿಮೆಂಟನ್ನೂ ಬಿಟ್ಟ. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಪ್ರದರ್ಶನಕ್ಕೆ ಆಸ್ಟ್ರೇಲಿಯದ ಪರವಾಗಿ ಹೋಗಿಬಂದದ್ದೇ ಕೊನೆಯ ಸಾರ್ವಜನಿಕ ಕೆಲಸ. ಆ ಮೇಲೆ ಮನೆ, ಮಡದಿ ಪ್ಯಾಟಿ, ಮಕ್ಕಳು, ಮೌನ. 1919ರ ಅಕ್ಟೋಬರ್ 7ರಂದು, ಅರವತ್ತಮೂರರ ಪ್ರಾಯದಲ್ಲಿ, ಮೆಲ್ಬರ್ನಿನಲ್ಲಿ ತೀರಿಕೊಂಡ.

ಕಟ್ಟಿದ್ದು, ಕೆಡೆದದ್ದು

ಡೀಕಿನ್ ಕಟ್ಟಿದ್ದರಲ್ಲಿ ಏನುಳಿಯಿತು? ನ್ಯಾಯಾಲಯ ಉಳಿಯಿತು, ಒಕ್ಕೂಟ ಉಳಿಯಿತು. ಆ ಸಂವಿಧಾನದ ಕೆಲವು ಅಂಶಗಳು ನಮ್ಮ ಸಂವಿಧಾನಕ್ಕೂ ಬಂದಿವೆ. ದೇಶದ ಒಳಗೆಲ್ಲ ವ್ಯಾಪಾರ ವಹಿವಾಟು ಅಡೆತಡೆಯಿಲ್ಲದೆ ನಡೆಯಬೇಕೆಂಬ ನಮ್ಮ 301ನೆಯ ಅನುಚ್ಛೇದದ ಹಿಂದೆ ಆಸ್ಟ್ರೇಲಿಯದ 92ನೆಯ ವಿಧಿಯ ನೆರಳಿದೆ.

ಬಾಗಿಲು ಮಾತ್ರ ಉಳಿಯಲಿಲ್ಲ. ಅದರ ಅಗುಳಿಗೆ ಒಂದು ಪೆಟ್ಟು ಹಾಕಿದ್ದು ಡೀಕಿನ್ ಕಟ್ಟಿದ ನ್ಯಾಯಾಲಯವೇ. 1934ರಲ್ಲಿ ಎಗೊನ್ ಕಿಷ್ ಎಂಬ ಲೇಖಕ ಫ್ಯಾಸಿಸಂ ವಿರುದ್ಧ ಭಾಷಣ ಮಾಡಲು ಆಸ್ಟ್ರೇಲಿಯಕ್ಕೆ ಬಂದ. ಹಲವು ಭಾಷೆಗಳನ್ನು ಬಲ್ಲ ಆತನನ್ನು ತಡೆಯಲು ಅಧಿಕಾರಿಗಳು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟರು. ಇದು ಶಾಸನ ಹೇಳುವ ಅರ್ಥದಲ್ಲಿ ಯೂರೋಪಿನ ಭಾಷೆಯಲ್ಲವೆಂದು ಹೈಕೋರ್ಟು ತೀರ್ಪಿತ್ತು ಕಿಷ್‌ನನ್ನು ಬಿಡಿಸಿತು. ಉಕ್ತಲೇಖನ ಪರೀಕ್ಷೆ 1958ರಲ್ಲಿ ರದ್ದಾಯಿತು. ಬಿಳಿಯ ಆಸ್ಟ್ರೇಲಿಯದ ನೀತಿಯ ಕೊನೆಯ ತುಣುಕುಗಳನ್ನು 1973ರಲ್ಲಿ ಕಿತ್ತೊಗೆದರು. ವಿಕ್ಟೋರಿಯದಲ್ಲಿ 1974ರ ಶಾಸನದಿಂದ ಹುಟ್ಟಿದ ವಿಶ್ವವಿದ್ಯಾನಿಲಯಕ್ಕೆ ಡೀಕಿನ್ನನ ಹೆಸರಿಟ್ಟರು. ಆ ಡೀಕಿನ್ ವಿಶ್ವವಿದ್ಯಾನಿಲಯ ಭಾರತೀಯ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದಷ್ಟೇ ಅಲ್ಲ, 2024ರಲ್ಲಿ ಗುಜರಾತಿನಲ್ಲಿ ತನ್ನ ಶಾಖೆಯನ್ನೂ ತೆರೆಯಿತು.

ಭಾರತ ನೆರೆಯ ನಾಡೆಂದು 1893ರಲ್ಲಿ ಬರೆದ ಡೀಕಿನ್ ಸರಿಯಾಗಿ ಕಂಡಿದ್ದ; ನೆರೆಯವನು ಒಳಗೆ ಬರಕೂಡದೆಂದು 1901ರಲ್ಲಿ ವಾದಿಸಿದ ಡೀಕಿನ್ ತಪ್ಪು ಮಾಡಿದ್ದ. ಮೊದಲನೆಯವನ ಪುಸ್ತಕ ಕಪಾಟಿನಲ್ಲಿ ಉಳಿಯಿತು. ಎರಡನೆಯವನ ಮಾತು ಶಾಸನವಾಗಿ ಅರ್ಧ ಶತಮಾನಕ್ಕೂ ಮೀರಿ ಅಸಂಖ್ಯ ಜನರ ಬಾಳನ್ನು ತಡೆದು ನಿಲ್ಲಿಸಿತು. ಒಳ್ಳೆಯ ಓದು, ಒಳ್ಳೆಯ ಬರಹ, ಒಳ್ಳೆಯ ಮಾತು, ಈ ಮೂರೂ ಕೂಡಿದ ಮನುಷ್ಯನನ್ನು ನಾವು ಸುಲಭವಾಗಿ ನಂಬಿಬಿಡುತ್ತೇವೆ. ನಮ್ಮ ಪ್ರತಿನಿಧಿಗಳಲ್ಲಿಯೂ ಅವನ್ನೇ ಹಾರೈಸುತ್ತೇವೆ. ಹಾರೈಸುವುದು ತಪ್ಪಲ್ಲ. ಆದರೆ ಅವರು ಏನನ್ನು ಮೆಚ್ಚಿಕೊಂಡರೆಂಬುದರ ಜೊತೆಗೆ, ಯಾರನ್ನು ಹೊರಗೆ ನಿಲ್ಲಿಸಿದರೆಂಬುದನ್ನೂ ಕೇಳುವ ಅಭ್ಯಾಸ ನಮಗಿರಬೇಕು.